ಮೊಂಡ್ಯಾ ಮಾತು ಕೇಳಿದ ದಿನ

"ನಿಮ್ಮ ಕಂಪನಿ ಪಟ್ಟಿ ಮತ್ತ ಸುಡಾಕತ್ತೇತಿ ನೋಡು ದಾನಿ. ಇಲ್ಲೆ ಮುಟ್ಟು. ಹಪ್ಪಳ ಇಟ್ಟರ ಹಪ್ಪಳ ಸುಟ್ಟೀತು."

ನೀಲಗಂಗವ್ವ ಬಲಗೈಯನ್ನು ಊಟದ ಮೇಜಿನ ಮೇಲೆ ಚಾಚಿದಳು. ಬಳೆ ತೆಗೆದಿಟ್ಟ ಕೈಗೆ ಮೊಣಕೈಯಿಂದ ಬೆರಳಿನ ಗೆಣ್ಣಿನವರೆಗೆ ಬೂದು ಬಣ್ಣದ ತೆಳು ಪಟ್ಟಿ. ದಾನೇಶ್ವರಿ ಮುಟ್ಟಿ ನೋಡಿ ಚಟ್ಟನೆ ಕೈ ಹಿಂದೆಗೆದುಕೊಂಡಳು.

"ಮೊದಲು ತೆಗಿ ದೊಡ್ಡವ್ವ, ಗುಳ್ಳಿ ಎದ್ದಾವು! ಇದು ಮೂರನೇ ಪಟ್ಟಿ. ಇದನ್ನ ಹಾಕ್ಕೊಂಡ ರೊಟ್ಟಿ ಬಡೀತೀಯೇನು, ಖರೇ ಹೇಳು."

"ರೊಟ್ಟಿ ಬಡ್ಯಾಕ ನನಗ ಯಾವ ಪಟ್ಟಿ ಬೇಕು? ಆಟ ಆಡ್ತೀನಿ, ಅಷ್ಟ. ಆ ಮೊಂಡ್ಯಾ ನೆಟ್ಟಗ ಮಾತು ಕೇಳಿದ್ರ ಇಷ್ಟ್ಯಾಕ ಬಿಸಿ ಆಗ್ತಿತ್ತು? ಎಡಕ್ಕ ಹೋಗಂದ್ರ ಬಲಕ್ಕ ಹೋಗ್ತಾನ. ನಿಲ್ಲಂದ್ರ ಓಡ್ತಾನ. ಬ್ಯಾಡೋ ಬಾವಿ ಐತಿ ಅಂದ್ರ ಬಾವಿಗೇ ಹಾರ್ತಾನ. ನಮ್ಮ ಖಾನಾವಳ್ಯಾಗ ಮಾಣಿ ಇದ್ದನಲ್ಲ ಶಿವಲಿಂಗ್ಯಾ, ಥೇಟ್ ಅವನ ತಮ್ಮ ಇದ್ದಂಗದಾನ."

ಮೊಂಡ್ಯಾ ಎಂದರೆ ಆಟದೊಳಗಿನ ಮನುಷ್ಯ. ಆಟ ಮಾಡಿದವರು ಅವನಿಗೆ ಏನು ಹೆಸರಿಟ್ಟಿದ್ದರೋ ಏನೋ. ಹಾಳುಬಿದ್ದ ಕೋಟೆಯೊಳಗೆ ಕಂದೀಲು ಹಿಡಿದು, ಬಾವಿಗಳನ್ನು ಹಾರುತ್ತ, ಬಾಗಿಲುಗಳನ್ನು ಹುಡುಕುತ್ತ ಹೋಗುವ ಆ ಸಣಕಲ ಆಸಾಮಿಗೆ ನೀಲಗಂಗವ್ವ ಮೊದಲ ಸಂಜೆಯೇ ಮೊಂಡ್ಯಾ ಎಂದು ನಾಮಕರಣ ಮಾಡಿ ಮುಗಿಸಿದ್ದಳು. ಹುಬ್ಬಳ್ಳಿಯ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ವರ್ಷಗಟ್ಟಲೆ ಖಾನಾವಳಿ ನಡೆಸಿದವಳು ಆಕೆ; ಹೆಸರಿಡುವುದು, ಬೈಯುವುದು, ಬೈದು ದಾರಿಗೆ ತರುವುದು ಆಕೆಯ ಕಸುಬಿನ ಭಾಗ. ಹೋದ ದಸರಾಕ್ಕೆ ಖಾನಾವಳಿಯನ್ನು ಸೊಸೆಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತಾಗ, ಹೊತ್ತು ಹೋಗದೆ ಒದ್ದಾಡುತ್ತಿದ್ದ ದೊಡ್ಡವ್ವನಿಗೆ ಈ ಕೈಪಟ್ಟಿ ತಂದುಕೊಟ್ಟವಳು ದಾನೇಶ್ವರಿಯೇ. ಆಕೆ ಅದೇ ಕಂಪನಿಯ ಪ್ರಯೋಗಾಲಯದಲ್ಲಿ ಇಂಜಿನಿಯರು. ಇದೇ ಮನೆಯ ಮೇಲಿನ ಕೋಣೆಯಲ್ಲಿ ವಾಸ.

"ಈಗ ಸುಧಾರಿಸ್ಯಾನ ಬಿಡು," ನೀಲಗಂಗವ್ವ ಪಟ್ಟಿ ಬಿಚ್ಚುತ್ತ ಹೇಳಿದಳು. "ದಸರಾದಾಗ ಹತ್ತು ಮಾತು ಹೇಳಿದ್ರ ಒಂದು ಕೇಳ್ತಿದ್ದ. ಈಗ ಎಂಟು ಕೇಳ್ತಾನ. ನಾ ಮಲಗಿದ ಮ್ಯಾಲೂ ಅಭ್ಯಾಸ ಮಾಡ್ತಾನೇನೋ, ಮರುದಿನ ಹಚ್ಚಿದ್ರ ಎರಡು ಬಾವಿ ದಾಟಿ ಮುಂದ ಹೋಗಿರ್ತಾನ."

ದಾನೇಶ್ವರಿ ನಕ್ಕಳು. ಆಕೆಯ ಕಿವಿ ಅರ್ಧ ಮಾತ್ರ ಈ ಕಡೆ ಇತ್ತು. ಮೂಗು ಪಟ್ಟಿಯ ಸುಟ್ಟ ವಾಸನೆಯ ಹಿಂದೆ ಹೋಗಿತ್ತು.

"ನಗು, ನಗು. ಬರೋ ರವಿವಾರ ಮಹಿಳಾ ಮಂಡಳದಾಗ ಸ್ಪರ್ಧೆ ಐತಿ. ಈ ಸಲ ರಂಗೋಲಿ ಇಲ್ಲ, ಸಂಗೀತ ಖುರ್ಚಿ ಇಲ್ಲ, ಮೊಂಡ್ಯಾನ ಆಟ. ವೇದಿಕೆ ಮ್ಯಾಲ ನಾನು ಮತ್ತ ಮಂದಾಕಿನಿಬಾಯಿ. ನಮ್ಮ ಮನ್ಯಾಗ ಕಂಪನಿ ಹುಡುಗಿ ಅದಾಳ, ಅಸಲಿ ಆಟಗಾರರ ಸಾಮಾನು ತರಿಸ್ತೀನಿ ಅಂತ ಮಾತು ಕೊಟ್ಟೀನಿ. ತರ್ತೀಯಲ್ಲ?"

"ತರ್ತೀನಿ ತಗೋ."

"ನೋಡು ಮತ್ತ, ಮರಿಬ್ಯಾಡ." ಆಕೆಯ ದನಿ ಸ್ವಲ್ಪ ತಗ್ಗಿತು. "ಖಾನಾವಳಿ ಇದ್ದಾಗ ಊರ ಮಂದಿ ನನ್ನ ಕೈ ಹೊಗಳ್ತಿದ್ರು. ಬಿಟ್ಟ ಮ್ಯಾಲ ಯಾರು ಕೇಳ್ತಾರ ಹೇಳು? ಈಗ ಮತ್ತ ಮಂಡಳದಾಗ 'ನೀಲಗಂಗಕ್ಕನ ಕೈ ನೋಡ್ರಿ, ಹೆಂಗ ಆಡ್ತಾರ' ಅನ್ನಾಕತ್ತಾರ."

ಕೈಪಟ್ಟಿ ಬಂದು ನಾಲ್ಕೈದು ವರ್ಷವಾಗಿತ್ತು. ಅದಕ್ಕೂ ಮೊದಲೇ ಜನ ತಾವು ಆಡುವುದಕ್ಕಿಂತ ಬೇರೆಯವರು ಆಡುವುದನ್ನು ನೋಡುತ್ತ ಕೂರುವುದು ಹೆಚ್ಚಾಗಿತ್ತು. ಆಡಬೇಕೆಂದರೆ ಸೋಲಬೇಕು, ಮತ್ತೆ ಮೊದಲಿಂದ ಶುರುಮಾಡಬೇಕು, ಹೊತ್ತು ಬೇಕು. ನೋಡಿದರೆ ಬರೀ ಗೆಲುವೇ. ಆದರೆ ನೋಡುವಾಗ ಕಣ್ಣಿಗೆ ಸಿಕ್ಕದ್ದು ಕೈಗೆ ಸಿಗುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಪಟ್ಟಿ. ಜಗತ್ತಿನ ಯಾವುದೋ ಮೂಲೆಯಲ್ಲಿ ಪಳಗಿದ ಆಟಗಾರರೊಬ್ಬರು ಆಡುತ್ತಾರೆ. ಅವರ ಮುಂಗೈಯ ಸ್ನಾಯುಗಳು ಹೇಗೆ ಮಿಡಿದವೋ ಹಾಗೇ ನೋಡುವವರ ಸ್ನಾಯುಗಳನ್ನು ಪಟ್ಟಿ ಸಣ್ಣ ವಿದ್ಯುತ್ತಿನಿಂದ ಮಿಡಿಸುತ್ತದೆ. ಬೆರಳುಗಳು ತಾವೇ ಮಡಚಿ ಬಿಚ್ಚುತ್ತವೆ. ಬೆರಳು ಬರಿಗಾಳಿಯಲ್ಲಿ ಆಡಬಾರದೆಂದು ಹಿಡಿದುಕೊಳ್ಳಲು ಒಂದು ಹಿಡಿಕೆಯನ್ನೂ ಕಂಪನಿ ಜೊತೆಗೆ ಕೊಡುತ್ತಿತ್ತು. ನೋಡಲು ಅಸಲಿಯಂತೆಯೇ, ಗುಂಡಿ ಒತ್ತಿದರೆ ಟಿಕ್ ಎನ್ನುತ್ತಿತ್ತು. ಒಳಗೆ ತಂತಿ ಇರಲಿಲ್ಲ.

ಗೋಕುಲ ರಸ್ತೆಯ ಪ್ರಯೋಗಾಲಯದಲ್ಲಿ ಸುಟ್ಟ ಪಟ್ಟಿಗಳು ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು. ಬೀದರಿನಿಂದ, ಚಾಮರಾಜನಗರದಿಂದ, ಕಾರವಾರದಿಂದ. ಸೋಜಿಗವೆಂದರೆ ಗಡಿ ದಾಟಿದರೆ ಸಾಕು, ಪಟ್ಟಿ ತಣ್ಣಗೆ. ಕೊಲ್ಹಾಪುರದಲ್ಲಿ ಒಂದು ದೂರಿಲ್ಲ, ಅನಂತಪುರದಲ್ಲಿ ಒಂದು ದೂರಿಲ್ಲ.

"ಬಿಸಲು ಅಂದ್ವಿ, ಬಳ್ಳಾರಿ ಬಿಸಲು ಗಡಿ ನೋಡಿ ನಿಲ್ಲತೈತೇನು?" ಎಂದ ಇಮ್ತಿಯಾಜ್ ನದಾಫ್. ದಾನೇಶ್ವರಿಯ ಪಕ್ಕದ ಮೇಜಿನವನು, ಈ ಸಮಸ್ಯೆಯನ್ನು ಇಬ್ಬರ ತಲೆಗೂ ಕಟ್ಟಿದ್ದರು. "ಬೆವರು ಅಂದ್ವಿ, ಬಟ್ಟಿ ಅಂದ್ವಿ. ನೀವು ಜ್ವಾಳದ ಹಿಟ್ಟು ಅಂದ್ರಿ. ಮೈಸೂರಾಗ ಯಾರ್ರೀ ರೊಟ್ಟಿ ಬಡೀತಾರ?"

ಅವನು ಪಟ್ಟಿ ಹಾಕಿಕೊಂಡು ಬೆಳಗಿನಿಂದ ಆಟ ನೋಡುತ್ತ ಕೂತಿದ್ದ. ಪಟ್ಟಿ ತಣ್ಣಗೇ ಇತ್ತು. ಅಷ್ಟರಲ್ಲಿ ಚಹಾ ಬಂತು. ಯೋಚನೆಯಿಲ್ಲದೆ ಅದೇ ಕೈಯಿಂದ ಕಪ್ಪು ಎತ್ತಲು ಹೋದ. ಆಟಗಾರ್ತಿಯ ಕೈ ಬೇರೆಯೇನೋ ಮಾಡುತ್ತಿತ್ತು. ಎರಡೂ ಜಗ್ಗಾಡಿ ಚಹಾ ಅರ್ಧ ಅಂಗಿಯ ಮೇಲೆ ಹೋಯಿತು.

"ಅರೇ! ದಾನೇಶ್ವರಿ, ಇಲ್ಲೆ ಕೈ ಇಡ್ರಿ. ಅಂಗಿ ಬಿಡ್ರಿ, ಪಟ್ಟಿ ಮ್ಯಾಲ."

ಬೆಚ್ಚಗಿತ್ತು. ಅವನು ಬೇಕೆಂದೇ ಕೈ ಬಿಗಿದು ಹಿಂದಕ್ಕೆಳೆದ. ಇನ್ನೂ ಬಿಸಿಯಾಯಿತು. ಪಟ್ಟಿಗೆ ಗೊತ್ತಿರುವುದು ಒಂದೇ ಕೆಲಸ: ಆಟಗಾರರ ಬೆರಳು ಹೋದಲ್ಲಿಗೆ ನೋಡುವವರ ಬೆರಳನ್ನು ಒಯ್ಯುವುದು. ಬೆರಳು ಬರಲೊಲ್ಲೆ ಎಂದರೆ ವಿದ್ಯುತ್ತು ಏರಿಸಿ ಎಳೆಯುವುದು.

"ಅಂದ್ರ ನಮ್ಮ ಮಂದಿ ಕೈ ಸಡ್ಲ ಬಿಡವಲ್ರು," ಎಂದ ಇಮ್ತಿಯಾಜ್. "ಆರಾಮ ಕುಂತು ನೋಡೋದು ಬಿಟ್ಟು ಜಗ್ಗ್ಯಾಡ್ತಾರ. ಯಾಕ?"

ಎಡಕ್ಕೆ ಹೋಗೆಂದರೆ ಬಲಕ್ಕೆ ಹೋಗುತ್ತಾನೆ. ದಾನೇಶ್ವರಿಗೆ ಹಿಂದಿನ ದಿನ ಅರ್ಧ ಕಿವಿಯಲ್ಲಿ ಕೇಳಿದ್ದ ಮಾತು ಈಗ ಪೂರ್ತಿ ಕೇಳಿಸಿತು.

"ಕನ್ನಡದ ಪರದೆ ತೆಗೀರಿ ಒಮ್ಮೆ."

ಪ್ರಯೋಗಾಲಯದಲ್ಲಿ ಎಲ್ಲವೂ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಕನ್ನಡದ ಪರದೆಯನ್ನು ಅವರಿಬ್ಬರೂ ಕಣ್ಣಿಟ್ಟು ನೋಡಿದವರಲ್ಲ. ಇಮ್ತಿಯಾಜ್ ಭಾಷೆ ಬದಲಿಸಿದ. ನಡುವೆ ದೊಡ್ಡ ಹಸಿರು ಗುಂಡಿ, ಅದರ ಮೇಲೆ ಎರಡೇ ಅಕ್ಷರ: ಆಡು.

ಇಂಗ್ಲಿಷಿನವರಿಗೆ ಸಿನಿಮಾ ಹಚ್ಚುವುದೂ ಪ್ಲೇ, ಚೆಂಡಾಟ ಆಡುವುದೂ ಪ್ಲೇ. ಭಾಷೆಯಿಂದ ಭಾಷೆಗೆ ಪದ ಬದಲಿಸುವ ಯಂತ್ರಕ್ಕೆ ಅಕ್ಕಪಕ್ಕದ ಭಾಷೆಗಳಲ್ಲಿ ಚಾಲೂ ಮಾಡು ಎನ್ನುವ ಪದ ಸಿಕ್ಕಿತ್ತು. ಕನ್ನಡಕ್ಕೆ ಬಂದಾಗ ಅದು 'ಆಡು' ಎಂದಿತ್ತು. ಪದದಲ್ಲಿ ಅಕ್ಷರದೋಷವಿರಲಿಲ್ಲ, ಪರದೆಯಲ್ಲಿ ಇದ್ದದ್ದೂ ಆಟವೇ. ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಡು ಎಂದು ಬರೆದಿದೆ, ಕೈಗೆ ಹಿಡಿಕೆ ಕೊಟ್ಟಿದ್ದಾರೆ, ಗುಂಡಿ ಟಿಕ್ ಎನ್ನುತ್ತದೆ, ಕೊನೆಗೆ 'ಗೆದ್ದಿರಿ' ಎಂದೂ ಬರುತ್ತದೆ. ಇನ್ನೇನು ಬೇಕು? ಜನ ಆಡಿದ್ದರು.

ಇಮ್ತಿಯಾಜ್ ಮೊದಲು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಏನೋ ನೆನಪಾಗಿ ನಗು ನಿಲ್ಲಿಸಿ ಮನೆಗೆ ಫೋನು ಹಚ್ಚಿ, ಸಂಜೆ ಹೊತ್ತು ನೀನು ಆಡುತ್ತೀಯೋ ನೋಡುತ್ತೀಯೋ ಎಂದು ತಾಯಿಯನ್ನು ಕೇಳಿದ. ಆ ಕಡೆಯಿಂದ ಬಂದ ಉರ್ದು ಬೈಗುಳದ ಸಾರಾಂಶ ಇಷ್ಟು: ಬೇರೆಯವರ ಆಟ ನೋಡುತ್ತ ಕೂರಲು ತಾನೇನು ಕೆಲಸವಿಲ್ಲದವಳೇ, ನಿನ್ನೆ ಒಬ್ಬಳೇ ಮೂರು ಬಾಗಿಲು ತೆಗೆದಿದ್ದೇನೆ.

ಫೋನು ಕೆಳಗಿಟ್ಟು ಅವನು ಕೈಯ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟ.

"ವರದಿ ಇವತ್ತ ಕಳಸೂಣು," ಎಂದ. "ಮಂದಿ ಕೈ ಸುಡಾಕತ್ತಾವ. ಸೋಮವಾರದ ಹೊತ್ತಿಗೆ ಪದ ಬದಲಿ ಮಾಡ್ತಾರ. 'ನೋಡು' ಅಂತ."

"ರವಿವಾರ ನಮ್ಮ ದೊಡ್ಡವ್ವ ವೇದಿಕೆ ಮ್ಯಾಲ ಕೂಡ್ತಾಳ, ಅಸಲಿ ಹಿಡಿಕಿ ಹಿಡಕೊಂಡು. ಇಡೀ ಮಂಡಳದ ಮುಂದ."

"ಯಪ್ಪಾ. ಮೊದಲನೇ ಬಾವಿಗೇ ಮುಗೀತು ಕಥಿ." ಅವನು ಕಪಾಟು ತೆರೆದು ಎರಡು ಜೊತೆ ಹಿಡಿಕೆ ತೆಗೆದಿಟ್ಟ. ಒಂದು ಜೊತೆ ಅಸಲಿ, ಇನ್ನೊಂದು ಟೊಳ್ಳು. ನೋಡಲು ಒಂದೇ ಥರ. "ವೇದಿಕೆ ಮ್ಯಾಲೂ ಟೊಳ್ಳನ್ನ ಕೊಟ್ಟುಬಿಡ್ರಿ. ಹಿಂದ ಯಾರದರ ಚಲೋ ಆಟ ಹಚ್ಚಿದ್ರಾತು. ಅವರು ಖುಷಿ, ಮಂಡಳ ಖುಷಿ. ಯಾರಿಗೆ ಗೊತ್ತಾಗತೈತಿ?"

ದಾನೇಶ್ವರಿ ಎರಡೂ ಜೊತೆಯನ್ನು ಚೀಲಕ್ಕೆ ಹಾಕಿಕೊಂಡಳು.

ಅಂದು ಸಂಜೆ ಆಕೆ ಮೊದಲ ಸಲ ದೊಡ್ಡವ್ವನ ಪಕ್ಕ ಕೂತು ಆಟವನ್ನು ನೋಡಲಿಲ್ಲ, ದೊಡ್ಡವ್ವನನ್ನು ನೋಡಿದಳು.

ಹೊಸ ಪಟ್ಟಿ ಕಟ್ಟಿಕೊಂಡು, ಟೊಳ್ಳು ಹಿಡಿಕೆಯನ್ನು ಎರಡು ಕೈಯಲ್ಲಿ ಹಿಡಿದು ನೀಲಗಂಗವ್ವ ಮುಂದಕ್ಕೆ ಬಾಗಿ ಕೂತಿದ್ದಳು. "ನಿಲ್ಲು," ಎಂದಳು, ಮೊಂಡ್ಯಾ ನಿಂತ. "ಬಗ್ಗಿ ನೋಡು", ಬಗ್ಗಿ ನೋಡಿದ. "ಹಾರು", ಹಾರಿದ. ಎಷ್ಟು ಚೆನ್ನಾಗಿ ಕೂಡಿಬರುತ್ತಿತ್ತೆಂದರೆ ಒಂದು ಕ್ಷಣ ದಾನೇಶ್ವರಿಗೇ ಅನುಮಾನ ಬಂತು. ಆಮೇಲೆ ಅರ್ಥವಾಯಿತು. ಮೊಂಡ್ಯಾ ಮಾತು ಕೇಳಲು ಕಲಿತಿರಲಿಲ್ಲ. ಅವನು ಏನು ಮಾಡಲಿದ್ದಾನೋ ಅದನ್ನೇ ಹೇಳಲು ದೊಡ್ಡವ್ವ ಕಲಿತಿದ್ದಳು. ದಸರಾದಿಂದ ಯುಗಾದಿಯ ತನಕ ಆ ಬೆರಳುಗಳ ಜೊತೆ ಇದ್ದು ಇದ್ದು, ಹತ್ತರಲ್ಲಿ ಎಂಟು ಸಲ ಅವುಗಳ ಇಷ್ಟವೇ ಆಕೆಯ ಇಷ್ಟವಾಗಿತ್ತು.

ಮುಂದೊಂದು ಕವಲು ಬಂತು. "ಎಡಕ್ಕ," ಎಂದಳು ನೀಲಗಂಗವ್ವ. ಮೊಂಡ್ಯಾ ಬಲಕ್ಕೆ ತಿರುಗಿದ. "ಎಡಕ್ಕಂದೆನಲ್ಲೋ ಮುಕ್ಕಾ!" ಮುಂಗೈಯ ನರಗಳು ಉಬ್ಬಿದವು, ಪಟ್ಟಿ ಬಿಗಿಯಿತು, ಹೆಬ್ಬೆರಳು ನಡುಗುತ್ತ ನಡುಗುತ್ತ ಬಲಕ್ಕೇ ಹೋಯಿತು. ಸುಟ್ಟ ವಾಸನೆ ಬಂತು.

ಹತ್ತರಲ್ಲಿ ಉಳಿದ ಎರಡು. ಆಕೆಯವು ಅವೆರಡೇ. ಇನ್ನಾರು ತಿಂಗಳು ಬಿಟ್ಟರೆ ಅವೂ ಹೋಗುತ್ತವೆ. ಆಗ ಪಟ್ಟಿ ಸುಡುವುದಿಲ್ಲ, ದೂರೂ ಬರುವುದಿಲ್ಲ.

ದಾನೇಶ್ವರಿ ಚೀಲದಿಂದ ಅಸಲಿ ಹಿಡಿಕೆ ತೆಗೆದಳು. "ದೊಡ್ಡವ್ವ, ರವಿವಾರದ ಸಾಮಾನು ತಂದೀನಿ. ಪಟ್ಟಿ ತೆಗೆದು ಇದನ್ನೊಮ್ಮೆ ಹಿಡಿ."

"ತಾ ಇಲ್ಲೆ."

ಆಟ ಮೊದಲಿಂದ ಶುರುವಾಯಿತು. ನೀಲಗಂಗವ್ವ ರೂಢಿಯಂತೆ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿದಳು. ಮೊಂಡ್ಯಾ ಬಾಣ ಬಿಟ್ಟಂತೆ ಓಡಿ ಮೊದಲ ಬಾವಿಗೆ ಬಿದ್ದ.

"ಇದು ಕೆಟ್ಟೈತಿ."

"ಇನ್ನೊಮ್ಮೆ ಆಡು."

ಮತ್ತೆ ಬಿದ್ದ. ಮತ್ತೊಮ್ಮೆ ಗೋಡೆಗೆ ಹೋಗಿ ಹಾಯ್ದ. ನೀಲಗಂಗವ್ವ ಹಿಡಿಕೆಯನ್ನು ತಿರುವಿ ಮುರುವಿ ನೋಡಿದಳು. "ಇವತ್ತು ಏನಾಗೈತಿ ಇವಗ? ಬೆರಳು ಮುಟ್ಟೋದ ತಡ, ಹೇಳಿದ್ದೆಲ್ಲ ಕೇಳಾಕತ್ತಾನ! ಹಿಂಗ ಕೇಳಿದ್ರ ಹೆಂಗ ಆಡೋದು?"

ದಾನೇಶ್ವರಿ ಹಳೆಯ ಟೊಳ್ಳು ಹಿಡಿಕೆಯನ್ನು ಎತ್ತಿಕೊಂಡು ಚಾಕುವಿನ ತುದಿಯಿಂದ ಎರಡು ತಿರುಪು ಬಿಚ್ಚಿ ಮೇಜಿನ ಮೇಲೆ ಬಾಯಿ ತೆರೆದಿಟ್ಟಳು. ಒಳಗೆ ನಾಲ್ಕು ಸಣ್ಣ ಸ್ಪ್ರಿಂಗು, ಸಂದಿಯಲ್ಲಿ ಇಳಿದ ಜೋಳದ ಹಿಟ್ಟು. ಮತ್ತೇನೂ ಇಲ್ಲ.

ನೀಲಗಂಗವ್ವ ಬಗ್ಗಿ ನೋಡಿದಳು. "ಉಳಿದದ್ದೆಲ್ಲೆ?"

"ಅಷ್ಟ ಇರೋದು, ದೊಡ್ಡವ್ವ. ಅದು ಹಿಡಕೊಳ್ಳಾಕ ಅಂತ ಕೊಡೋದು. ಆಡೋದು ಬ್ಯಾರೆಯವರು. ಅವರು ಆಡಿದಂಗ ನಿನ್ನ ಕೈ ಆಡತೈತಿ."

"ಆಡು ಅಂತ ಬರದಿತ್ತಲ್ಲ!"

"ಬರದದ್ದು ತಪ್ಪು. 'ನೋಡು' ಅಂತ ಬರೀಬೇಕಿತ್ತು."

ನೀಲಗಂಗವ್ವ ಬೆರಳ ತುದಿಯಿಂದ ಒಂದು ಸ್ಪ್ರಿಂಗನ್ನು ಒತ್ತಿ ಬಿಟ್ಟಳು. ಟಿಕ್ ಎಂದಿತು.

"ಹಂಗಾರ ಮೊಂಡ್ಯಾನ ನಡಸಿದಾವ ಯಾರು?"

"ಒಬ್ಬಾಕಿ. ಚಿಲಿ ಅಂತ ದೇಶ ಐತಿ, ಅಲ್ಲ್ಯಾಕಿ. ನಮ್ಮ ಸಂಜೀಗೆ ಆಕಿಗೆ ಮುಂಜಾನೆ. ನಾಷ್ಟಾ ಮಾಡಿ ಆಡಾಕ ಕೂಡ್ತಾಳ."

"ಚಿಲ್ಲಿ? ಮೆಣಸಿನಕಾಯಿ?"

"ಅದಲ್ಲ. ಭಾಳ ದೂರ ಐತಿ."

"ಆಕಿಗೆ ನಾ ಗೊತ್ತೇನು?"

"ಇಲ್ಲ."

"ಅಯ್ಯ ಶಿವನ! ದಸರಾದಿಂದ ಬೈದೀನಲ್ಲೇ ಆಕೀನ. ಮುಕ್ಕಾ ಅಂದೀನಿ, ಹೆಣ ಅಂದೀನಿ."

"ಕೇಳಿಸಿಲ್ಲ ಬಿಡು."

"ಮತ್ತ ಆ ದೊಡ್ಡ ಬಾವಿ ದಾಟಿದ ದಿನ ನಾ ಕುಣಿದು ಎಲ್ಲಾರಿಗೂ ಶಿರಾ ಮಾಡಿ ಹಂಚಿದೆನಲ್ಲ, ಅದು?"

"ಶಿರಾ ನಿಂದ, ದೊಡ್ಡವ್ವ. ಬಾವಿ ಆಕೀದು."

ನೀಲಗಂಗವ್ವ ಎದ್ದಳು. "ಯಾರೋ ಉಂಡ್ರು, ನಾ ತೇಗಿದೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಬೇಕಾದದ್ದಕ್ಕಿಂತ ಜೋರಾಗಿಯೇ ಬಡಿಯುತ್ತಿದ್ದಳು. ಇಬ್ಬರಿಗೆ ಬೇಕಾದಷ್ಟು ಆದಮೇಲೂ ನಿಲ್ಲಲಿಲ್ಲ. ದಾನೇಶ್ವರಿ ಎರಡು ಸಲ ಬಾಗಿಲ ತನಕ ಹೋಗಿ ವಾಪಸು ಬಂದಳು.

ಕೊನೆಗೆ ಸಪ್ಪಳ ನಿಂತಿತು. ನೀಲಗಂಗವ್ವ ಕೈ ತೊಳೆದು ಒರೆಸಿಕೊಳ್ಳುತ್ತ ಬಂದು ಕೂತಳು.

"ರವಿವಾರಕ್ಕ ಟೊಳ್ಳು ಹಿಡಿಕೀನೂ ತಂದೀಯಲ್ಲ ನೀ. ಚೀಲದಾಗ ಎತ್ತಿ ನೋಡೇನಿ, ಹಗೂರ ಅದಾವ."

ದಾನೇಶ್ವರಿ ಅವನ್ನೂ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು.

"ಮಂದಾಕಿನಿಬಾಯಿ ಪಟ್ಟೀನೂ ಸುಡತೈತೇನು?"

"ನಿಂದಕ್ಕಿಂತ ಹೆಚ್ಚು. ನಾಕು ಸಲ ಬದಲಿ ಮಾಡ್ಯಾರ."

"ಹಂ." ಅಷ್ಟು ಹೊತ್ತಿನ ಮೇಲೆ ಆಕೆಯ ಮುಖದ ಮೇಲೆ ನಗುವಿನಂಥದ್ದೇನೋ ಹಾದುಹೋಯಿತು. "ಅಸಲೀದು ಕೊಡು ಇಲ್ಲೆ. ಮೊದಲನೇ ಬಾವಿನಾದ್ರೂ ದಾಟತೀನೇನು ನೋಡೂಣು."

ರವಿವಾರ ಮಂಡಳದ ಸಭಾಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಇಳಕಲ್ ಸೀರೆಗಳು, ಹಿಂದೆ ಒತ್ತಾಯಕ್ಕೆ ಬಂದ ಗಂಡಂದಿರು. ದಾನೇಶ್ವರಿ ವೇದಿಕೆಯ ಬದಿಯಲ್ಲಿ ತಂತಿಗಳನ್ನು ಜೋಡಿಸಿ ನಿಂತಿದ್ದಳು. ಟೊಳ್ಳು ಹಿಡಿಕೆಗಳು ಮನೆಯಲ್ಲೇ ಉಳಿದಿದ್ದವು.

ಆಟಕ್ಕೆ ಮೊದಲು ನೀಲಗಂಗವ್ವ ಮೈಕು ಕೇಳಿ ಇಸಿದುಕೊಂಡಳು.

"ಒಂದು ಮಾತೈತಿ. ನಾನು ದಸರಾದಿಂದ ಆಡೀನಿ ಅಂತ ಎಲ್ಲಾರಿಗೂ ಹೇಳ್ಕೋತ ಅಡ್ಡಾಡೀನಿ. ಆಡಿಲ್ಲ, ಬರೇ ನೋಡೀನಿ. ಆಡಾಕ ಹತ್ತಿದ್ದು ಮೊನ್ನೆಯಿಂದ. ನೀವೆಲ್ಲಾರೂ ಅಷ್ಟ. ಆ ಹಿಡಿಕಿ ಬಿಚ್ಚಿ ನೋಡ್ರಿ, ಒಳಗ ಏನೂ ಇಲ್ಲ."

ಸಭಾಭವನದಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಎಲ್ಲರಿಗಿಂತ ಮೇಲೆ ಕೇಳಿಸಿದ್ದು ವೇದಿಕೆಯ ಮೇಲೇ ಇದ್ದ ಮಂದಾಕಿನಿಬಾಯಿಯ ದನಿ.

"ನೀವು ನೋಡಿರಬೇಕ್ರಿ ನೀಲಗಂಗಕ್ಕ, ನಾ ಅಂತೂ ಆಡೀನಿ! ಏನ್ ಸುಳ್ಳ ಹೇಳ್ಲಿಕ್ಕತ್ತೀನೇನು? ಇಲ್ಲಿ ನೋಡ್ರಿ, ಕೈ ಸುಟ್ಟು ಕಲೆ ಬಿದ್ದದ!"

"ಅದಕ್ಕ ಸುಟ್ಟೈತಿ, ಬಾಯಾರ. ಸುಮ್ನ ನೋಡಿದ್ರ ಸುಡತಿರಲಿಲ್ಲ. ನೀವು ಆಡಾಕ ಹೋಗೀರಿ, ಅದು ಬಿಟ್ಟಿಲ್ಲ."

ಮಂದಾಕಿನಿಬಾಯಿ ತನ್ನ ಮುಂಗೈಯ ಕಲೆಯನ್ನು ಒಂದು ಗಳಿಗೆ ನೋಡಿಕೊಂಡು, ಅಸಲಿ ಹಿಡಿಕೆಯನ್ನು ಕಸಿದುಕೊಂಡಂತೆ ತೆಗೆದುಕೊಂಡು ಆಡಿದಳು. ಮೊಂಡ್ಯಾ ಓಡಿದ, ಬಿದ್ದ. "ಇದು ಕೆಟ್ಟದ," ಎಂದಳು. ಸಭೆ ನಕ್ಕಿತು. ನೀಲಗಂಗವ್ವ ನಗಲಿಲ್ಲ. ಇನ್ನೊಮ್ಮೆ ಆಡ್ರಿ ಎಂದಳು. ಇನ್ನೊಮ್ಮೆ ಬಿದ್ದ.

ಆಮೇಲೆ ನೀಲಗಂಗವ್ವನ ಪಾಳಿ. ಆಕೆ ಹೆಬ್ಬೆರಳನ್ನು ಹಗುರವಾಗಿ, ಸುಡುವ ರೊಟ್ಟಿ ಮುಟ್ಟುವಂತೆ ಇಟ್ಟಳು. ಮೊಂಡ್ಯಾ ಎರಡು ಹೆಜ್ಜೆ ನಡೆದ. ತಡೆದು ನಿಂತ. ಮತ್ತೊಂದು ಹೆಜ್ಜೆ. ಮೊದಲ ಬಾವಿಯ ಹತ್ತಿರ ಹೋಗಿ ಎಡವಿದಂತೆ ಹಾರಿ, ಆಚೆ ದಡದಲ್ಲಿ ಮೊಣಕಾಲೂರಿ ಬಿದ್ದ. ಬಿದ್ದದ್ದು ಆಚೆ ದಡದಲ್ಲೇ. ಯಾರೋ ಒಬ್ಬರು ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಇಂಥ ಕೆಟ್ಟ ಆಟವನ್ನು ಅವರು ಇಷ್ಟು ವರ್ಷಗಳಲ್ಲಿ ನೋಡಿರಲಿಲ್ಲ.

ಮುಂದೆ ಎರಡನೆಯ ಬಾವಿ. ಮನೆಯಲ್ಲಿ ಒಮ್ಮೆಯೂ ದಾಟದ್ದು. ನೀಲಗಂಗವ್ವ ಅಂಚಿಗೆ ಬಂದು ಬೆರಳು ಮೇಲೆತ್ತಿದಳು. ಮೊಂಡ್ಯಾ ನಿಂತುಬಿಟ್ಟ. ಸಭೆ ಕಾಯಿತು. ಅವನು ಅಲುಗಾಡಲಿಲ್ಲ.

"ಯಾಕ ನಿಂತಾನ್ರಿ ಇಂವ?" ಎಂದು ಮಂದಾಕಿನಿಬಾಯಿ ಪಿಸುಗುಟ್ಟಿದಳು.

"ನಾ ಇನ್ನಾ ಹೇಳಿಲ್ಲ," ಎಂದಳು ನೀಲಗಂಗವ್ವ.

ಆಕೆ ಬೆವೆತ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆರಳನ್ನು ಮತ್ತೆ ಗುಂಡಿಯ ಮೇಲಿಟ್ಟಳು. ಪರದೆಯ ಮೇಲೆ ಕಂದೀಲು ಒಂದು ಸಲ ತೂಗಿತು.